ಲಕ್ವದ ಭಯ ಇದ್ದರೆ ಮೊದಲು ಉಪ್ಪಿನ ಡಬ್ಬಿ ನೋಡಿ

ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆದಿಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಹಿಡಿದರೂ ಪ್ಯಾಕೆಟ್ 50 ದಿನ ಬರಬೇಕು. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲ, ಆದ್ದರಿಂದ ಎರಡು ತಿಂಗಳು ಬಂದರೆ ವಾಸಿ. ತಿಂಗಳಿಗೇ ಖಾಲಿಯಾಗುತ್ತಿದ್ದರೆ ತಲೆಗೆ 8 ಗ್ರಾಂ ದಾಟಿದೆ ಎಂದು ತಿಳಿಯಿರಿ.

ಲಕ್ವ ಹೊಡೆದಾಗ ಬಿದ್ದುಹೋಗುವುದು ಕೈಕಾಲು, ಪೆಟ್ಟು ಬಿದ್ದಿರುವುದು ಮಾತ್ರ ಮೆದುಳಿಗೆ. ಅಲ್ಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಳ್ಳುತ್ತದೆ, ಇಲ್ಲವೇ ನಾಳವೇ ಒಡೆಯುತ್ತದೆ. ಎರಡಕ್ಕೂ ಮುಖ್ಯ ಕಾರಣ ಬಿಪಿ. ಉಪ್ಪು ಹೆಚ್ಚಾದಷ್ಟೂ ಮೈಯಲ್ಲಿ ನೀರು ನಿಂತು ಬಿಪಿ ಏರುತ್ತದೆ. ಸೊಪ್ಪು, ಕಾಳು, ಹಣ್ಣಿನಲ್ಲಿರುವ ಪೊಟ್ಯಾಸಿಯಂ ಅದನ್ನು ಇಳಿಸಲು ನೆರವಾಗುತ್ತದೆ.

ಕೋಲಾರದ ಕಡೆಯ ಊಟ ಈ ವಿಷಯದಲ್ಲಿ ಒಳ್ಳೆಯದೇ. ರಾಗಿಮುದ್ದೆಗೆ ಉಪ್ಪು ಬೇಕಿಲ್ಲ, ನಾರಿನಂಶವೂ ಇದೆ. ಕೆಡುವುದು ಸಾರಿನಲ್ಲಿ. ಮುದ್ದೆ ಸಪ್ಪೆ ಎಂದು ಸಾರಿಗೆ ಕೈತುಂಬ ಉಪ್ಪು ಸುರಿಯುತ್ತಾರೆ, ಪಕ್ಕದಲ್ಲಿ ಮಜ್ಜಿಗೆ ಮೆಣಸಿನಕಾಯಿ ಬೇರೆ. ನಾಲ್ಕು ಜನಕ್ಕೆ ಬಸ್ಸಾರು ಮಾಡುವಾಗ ಬೇಳೆಯನ್ನೋ ಹುರುಳಿಕಾಳನ್ನೋ ಎರಡು ಕಟ್ಟು ಬೆರಕೆ ಸೊಪ್ಪಿನ ಜೊತೆ ಉಪ್ಪಿಲ್ಲದೆ ಬೇಯಿಸಿ ಬಸಿಯಿರಿ. ಬಸಿದ ಆ ನೀರನ್ನು (ಕಟ್ಟನ್ನು) ಚೆಲ್ಲಬೇಡಿ, ಸೊಪ್ಪಿನ ಪೊಟ್ಯಾಸಿಯಂ ಸಾಕಷ್ಟು ಅದಕ್ಕಿಳಿದಿರುತ್ತದೆ. ಅದಕ್ಕೇ ಹುಣಸೆಹಣ್ಣು, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ರುಬ್ಬಿ ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಮಟ್ಟವಾಗಿ ಒಂದು ಟೀ ಚಮಚ ಉಪ್ಪು ಬೆರೆಸಿ. ಬಸಿದ ಸೊಪ್ಪುಕಾಳಿನ ಪಲ್ಯಕ್ಕೆ ಅರ್ಧ ಚಮಚ. ಅಲ್ಲಿಗೆ ಒಬ್ಬೊಬ್ಬರಿಗೆ ಹೊತ್ತಿಗೆ ಸುಮಾರು 2 ಗ್ರಾಂಗೇ ನಿಲ್ಲುತ್ತದೆ. ಮೊದಲೇ ಹಾಕಿದರೆ ಕಾಳು ಹೀರಿಕೊಂಡು ನಾಲಿಗೆಗೆ ಸಾಲದೆ ಮತ್ತೆ ಹಾಕುವಂತಾಗುತ್ತದೆ. ಹುಳಿ ಒಂಚೂರು ಮುಂದಿದ್ದರೆ ಉಪ್ಪು ಕಡಿಮೆ ಎನಿಸುವುದಿಲ್ಲ. ಟೊಮೇಟೊಗಂತೂ ನಮ್ಮಲ್ಲಿ ಬರವಿಲ್ಲ. ಒಂದೇ ದಿನಕ್ಕೆ ಅರ್ಧ ಮಾಡಿದರೆ ಗಂಡಸರು ಮಕ್ಕಳು ತಟ್ಟೆ ಪಕ್ಕ ಉಪ್ಪು ಇಟ್ಟುಕೊಳ್ಳುತ್ತಾರೆ. ವಾರವಾರ ಸ್ವಲ್ಪಸ್ವಲ್ಪ ಇಳಿಸಿ, ತಿಂಗಳೊಪ್ಪತ್ತಿನಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಕಲ್ಲುಪ್ಪು, ಸೈಂಧವ ಲವಣ ಎಷ್ಟು ತಿಂದರೂ ಆಗುತ್ತದೆ ಎನ್ನುವುದು ತಪ್ಪು, ಎಲ್ಲದರಲ್ಲೂ ಇರುವುದು ಸೋಡಿಯಮ್ಮೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ಮಾತ್ರೆಯ ಲೆಕ್ಕ ತಪ್ಪುತ್ತದೆ.

ಎಣ್ಣೆ ನಾಲ್ಕು ಜನಕ್ಕೆ ತಿಂಗಳಿಗೆ ಎರಡು ಲೀಟರ್ ಸಾಕು. ಬೋಂಡ ಕರಿದ ಎಣ್ಣೆಯನ್ನು ಮತ್ತೆಮತ್ತೆ ಕಾಯಿಸಬೇಡಿ. ಸಂಜೆ ಹಸಿವಿಗೆ ಉಪ್ಪಿಲ್ಲದೆ ಹುರಿದ ಕಡ್ಲೇಕಾಯಿ ಒಂದು ಹಿಡಿ. ಬೀಡಿ, ಕಡ್ಡಿಪುಡಿ ಬಿಡದೆ ಇದನ್ನೆಲ್ಲ ಮಾಡಿದರೆ ಅರ್ಧ ಕೆಲಸವಷ್ಟೇ. ಊಟ ಸರಿಮಾಡಿಕೊಂಡೆವೆಂದು ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಇಷ್ಟು ಮಾಡಿದರೂ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಕೆಳಗಿಳಿದರೆ, ಇಲ್ಲವೇ ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ನೀರು, ಕಾಫಿ, ಮಾತ್ರೆ ಏನೂ ಕೊಡಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಹೋಗಬಹುದು. ಪಾರಿವಾಳದ ರಕ್ತ, ನಾಟಿ ಎಣ್ಣೆ ಎಂದು ಹೊತ್ತು ಕಳೆಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಅವರು ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಹೋಗುವವರ ಕೈಗೆ ಕೊಡಿ.