ಪೋರ್ಟೊದ ಮನೆಯಲ್ಲಿ ಬೂಷ್ಟು ನಿಂತ ಬಗೆ

ಕೋಲಾರದ ಒಣಹವೆಗೆ ಒಗ್ಗಿದವರು ಪೋರ್ಚುಗಲ್‌ನ ಕರಾವಳಿ ನಗರವಾದ ಪೋರ್ಟೊದಲ್ಲಿ ನೆಲೆಸಿದಾಗ ಎದುರಾಗುವ ತೊಂದರೆ ಇದು: ಹೊರಗೋಡೆಗೆ ತಾಗಿದ ಬೀರುವಿನ ಹಿಂದೆ ಕಪ್ಪು ಬೂಷ್ಟು, ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ. ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಚಳಿಗಾಲದಲ್ಲಿ. ತಣ್ಣನೆಯ ಗೋಡೆಯ ಮೇಲೆ ಕೋಣೆಯ ತೇವ ಹನಿಗಟ್ಟುತ್ತದೆ.

ನುಸಿಗುಳಿಗೆ ವಾಸನೆಯನ್ನು ಮರೆಮಾಡಿತಷ್ಟೆ. ಬ್ಲೀಚ್‌ನಿಂದ ಒರೆಸಿದ ಬೂಷ್ಟು ಮತ್ತೆ ಬಂತು. ದಿನವಿಡೀ ಕಿಟಕಿ ತೆರೆದಿಟ್ಟಾಗ ಗೋಡೆ ಇನ್ನಷ್ಟು ತಣ್ಣಗಾಯಿತು.

ಫಲ ಕೊಟ್ಟ ಕ್ರಮ ಹೀಗಿದೆ. ಮೊದಲು ತೇವಾಂಶ ಅಳೆಯುವ ಸಣ್ಣ ಮಾಪಕವನ್ನು ಬೀರುವಿನ ಹಿಂದೆಯೇ ಇಡಬೇಕು, ಏಕೆಂದರೆ ಕೋಣೆಯ ನಡುವಿನ ಅಂಕಿ ಅಲ್ಲಿನ ಸ್ಥಿತಿಯನ್ನು ತಿಳಿಸುವುದಿಲ್ಲ. ಬಳಿಕ ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಬೂಷ್ಟನ್ನು ಒರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಕಿಟಕಿ ಬಾಗಿಲುಗಳನ್ನು ಮುಚ್ಚಿ ಗಾಳಿಯ ತೇವ ಹೀರುವ ಯಂತ್ರವಾದ ಡಿಹ್ಯೂಮಿಡಿಫೈಯರನ್ನು ಶೇ. 55ರ ತೇವಾಂಶಕ್ಕೆ ಹೊಂದಿಸಿ ನಡೆಸಬೇಕು. ಒಗೆದ ಬಟ್ಟೆಯನ್ನು ಒಳಗೆ ಹರವುವುದು ಅನಿವಾರ್ಯವಾದರೆ ಅದೇ ಕೋಣೆಯಲ್ಲಿ ಹರವುವುದು ಲೇಸು. ಬೆಳಿಗ್ಗೆ ಮತ್ತು ಸಂಜೆ, ಯಂತ್ರ ನಿಲ್ಲಿಸಿ, ಎದುರುಬದುರಿನ ಕಿಟಕಿಗಳನ್ನು 10 ನಿಮಿಷ ಪೂರ್ತಿ ತೆರೆದು ಮುಚ್ಚಬೇಕು. ಮಾಪಕ ಶೇ. 60ನ್ನು ದಾಟದಿದ್ದರೆ ಬೂಷ್ಟು ಮರಳುವ ಸಾಧ್ಯತೆ ಕಡಿಮೆ. ಕೋಣೆ ತುಂಬ ತಣ್ಣಗಿದ್ದರೆ ಗಾಳಿಯನ್ನು ತಂಪುಗೊಳಿಸಿ ನೀರಿಳಿಸುವ ಕಂಪ್ರೆಸರ್ ಯಂತ್ರ ನೀರು ಹಿಡಿಯುವುದು ಕಡಿಮೆಯಾಗುವುದರಿಂದ, ಅಂಥ ಮನೆಗೆ ತೇವ ಹೀರುವ ಪದಾರ್ಥದಿಂದ ನಡೆಯುವ ಡೆಸಿಕೆಂಟ್ ಬಗೆಯದನ್ನೇ ಕೊಳ್ಳಬೇಕು. ಊರಿನಿಂದ ತಂದ ರಾಗಿ ಹಿಟ್ಟಿಗೆ ಮಾತ್ರ ಇದಾವುದೂ ಬೇಕಿಲ್ಲ. ಬಿಗಿ ಮುಚ್ಚಳದ ಡಬ್ಬಿ ಸಾಕು.