ಬರೀ ‘ತಲೆಸುತ್ತು’ ಅಂದರೆ ಸಾಲದು: ಮೆನಿಯರ್ ಕಾಯಿಲೆಗೆ ಡೈರಿ ಬರೆಯುವುದು ಹೇಗೆ?

‘ತಲೆ ಸುತ್ತುತ್ತೆ ಡಾಕ್ಟ್ರೇ’ ಎಂದಷ್ಟೇ ಹೇಳಿ, ಬಿ.ಪಿ. ನೋಡಿಸಿಕೊಂಡು ವಾಪಸು ಬಂದವರನ್ನು ಬಹಳ ಕಂಡಿದ್ದೇನೆ. ನಮ್ಮ ದೊಡ್ಡಮ್ಮ ಹೀಗೇ ಎರಡು ವರ್ಷ ಅಲೆದರು. ಎಡಗಿವಿ ಮಂದವಾಗುತ್ತಿದ್ದುದನ್ನು, ವಯಸ್ಸಾಯಿತಲ್ಲ ಎಂದುಕೊಂಡು ಯಾರಿಗೂ ಹೇಳಿರಲೇ ಇಲ್ಲ. ಇಂಥ ತಲೆಸುತ್ತಿನ ಮೂಲ ಒಳಗಿವಿಯಲ್ಲಿರಬಹುದು ಎಂದು ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮೆನಿಯರ್ 1861ರಲ್ಲೇ ಹೇಳಿದ್ದರು. ಒಳಗಿವಿಯಲ್ಲಿ ದ್ರವ ಹೆಚ್ಚಾಗಿ ಉಬ್ಬುವ ಕಾಯಿಲೆಗೆ ಅವರದೇ ಹೆಸರು. ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ನೀವು ಕೊಡುವ ವಿವರ ಮತ್ತು ಶ್ರವಣ ಪರೀಕ್ಷೆಯೇ ಮುಖ್ಯ ಆಧಾರ.

1. ತಲೆಸುತ್ತು ಬಂದಾಗ ಮೊದಲು ಮಲಗಿ. ತಲೆ ಅಲುಗಿಸದೆ, ಕದಲದ ಒಂದು ವಸ್ತುವನ್ನೇ ನೋಡಿ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ ಡೈರಿಯ ಮಾತೇ ಬೇಡ. ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

2. ಕಣ್ಣಿನ ವಿಡಿಯೊ ಮಾಡಿಸಿ. ಮನೆಯವರು ಮೊಬೈಲನ್ನು ಹತ್ತಿರ ಹಿಡಿದು ಅರ್ಧ ನಿಮಿಷ ಚಿತ್ರಿಸಿದರೆ ಸಾಕು. ಕಣ್ಣುಗುಡ್ಡೆ ಒಂದು ಕಡೆಗೆ ಮೆಲ್ಲನೆ ಜಾರಿ, ಥಟ್ಟನೆ ಹಿಂದಕ್ಕೆ ಜಿಗಿಯುವುದು ಕಾಣಬಹುದು. ವೈದ್ಯರ ಮುಂದೆ ಕೂತಾಗ ಅದು ನಿಂತೇ ಹೋಗಿರುತ್ತದೆ.

3. ಅದೇ ದಿನ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. ‘ತಲೆಸುತ್ತು’ ಎಂಬ ಪದವನ್ನೇ ಬಳಸಬೇಡಿ. ಗೋಡೆ, ಫ್ಯಾನು ಗಿರಗಿರ ತಿರುಗಿದವೋ? ಎದ್ದು ನಿಂತಾಗ ಕಣ್ಣು ಕತ್ತಲಾಯಿತೋ? ನಡೆಯುವಾಗ ಜೋಲಿ ಹೊಡೆಯಿತೋ? ಮೂರೂ ಬೇರೆ ಬೇರೆ.

ಮುಂದಿನದು ಸಮಯ. ‘ಇಡೀ ದಿನ ಇತ್ತು’ ಎಂದು ಬರೆದರೆ ಪ್ರಯೋಜನವಿಲ್ಲ. ತಿರುಗುವುದು ನಿಂತ ಮೇಲೂ ಸುಸ್ತು, ಓಲಾಟ ಉಳಿಯುತ್ತವೆ. ಅವನ್ನು ಇದರಲ್ಲಿ ಸೇರಿಸಬೇಡಿ. ತಿರುಗಿದ್ದು ಎಷ್ಟು ಹೊತ್ತು ಎಂಬುದನ್ನು ಗಡಿಯಾರ ನೋಡಿಯೇ ಬರೆಯಿರಿ. ಮಗ್ಗುಲು ಬದಲಿಸಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ ಸಾಮಾನ್ಯವಾಗಿ ಒಳಗಿವಿಯ ಹರಳು ಜಾರಿದ ತೊಂದರೆ, ಅದಕ್ಕೆ ಚಿಕಿತ್ಸೆಯೇ ಬೇರೆ. ಮೆನಿಯರ್‌ನದು 20 ನಿಮಿಷದಿಂದ 12 ಗಂಟೆಯವರೆಗೆ.

ಕೊನೆಗೆ ಕಿವಿ: ಯಾವ ಕಿವಿ, ಗುಂಯ್ ಎಂದಿತೋ, ಒಳಗೆ ಒತ್ತಿ ಕಟ್ಟಿದಂತಾಯಿತೋ? ಒಂದೇ ಮಾತಿನ ರೆಕಾರ್ಡಿಂಗನ್ನು ಅಷ್ಟೇ ಸದ್ದಿನಲ್ಲಿ ಎರಡೂ ಕಿವಿಗೆ ಹಿಡಿದು ಕೇಳಿ ವ್ಯತ್ಯಾಸ ಬರೆಯಿರಿ. ದೊಡ್ಡಮ್ಮನ ಡೈರಿಯಲ್ಲಿ ‘ಎಡಗಡೆ ಮಾತು ಡಬ್ಬದೊಳಗಿಂದ ಬಂದಂತಿದೆ’ ಎಂಬ ಸಾಲು ಮೂರು ಸಲ ಇತ್ತು. ವೈದ್ಯರು ಬೆರಳಿಟ್ಟಿದ್ದು ಆ ಸಾಲಿನ ಮೇಲೆಯೇ.

4. ಕಿವಿ ಮಂದವಿರುವಾಗಲೇ ಆಡಿಯೊಗ್ರಾಮ್, ಅಂದರೆ ಶ್ರವಣ ಪರೀಕ್ಷೆ, ಮಾಡಿಸಿ. ಆರಂಭದಲ್ಲಿ ಕೇಳುವ ಶಕ್ತಿ ಹೋಗಿ ಬಂದು ಮಾಡುತ್ತದೆ. ಸರಿಹೋದ ಮೇಲೆ ಮಾಡಿಸಿದರೆ ತಗ್ಗಿನ ಸ್ವರಗಳ ನಷ್ಟ ದಾಖಲಾಗದೇ ಹೋಗಬಹುದು.

ಕಿವಿಯ ಮೊರೆತ ನಿಲ್ಲಿಸುತ್ತೇವೆಂದು ಮಾರುವ ಹನಿಗಳಿಗೆ ದುಡ್ಡು ಹಾಕಬೇಡಿ. ಕಿವಿಯ ತಮಟೆ (ಪರದೆ) ಸರಿಯಿದ್ದರೆ ಹನಿ ಅದನ್ನು ದಾಟಿ ಒಳಗಿವಿಗೆ ಹೋಗುವುದೇ ಇಲ್ಲ. ತಲೆಸುತ್ತು ತಡೆಯುವ ಮಾತ್ರೆಯನ್ನೂ ತಿಂಗಳುಗಟ್ಟಲೆ ನೀವಾಗಿಯೇ ನುಂಗಬೇಡಿ. ಅಂಥ ಕೆಲವು ಮಾತ್ರೆಗಳಿಂದ ಮಿದುಳು ಸಮತೋಲನವನ್ನು ಮತ್ತೆ ಕಲಿಯುವುದು ತಡವಾಗುತ್ತದೆ. ಒಂದು ಕಿವಿ ಏಕಾಏಕಿ ಕೇಳದೇ ಹೋದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಇ.ಎನ್.ಟಿ. ವೈದ್ಯರಿಗೆ ತೋರಿಸಿ.