ಹಣ್ಣೆಲೆಯ ಪಕ್ಕ ಪುಟ್ಟ ಅಂಗೈ

ಶರತ್ಕಾಲ ಬಂತೆಂದರೆ ಮಕ್ಕಳ ಕೈಯಲ್ಲಿ ಮಾಡಿಸಬೇಕಾದ ಕೆಲಸಗಳ ಪಟ್ಟಿಗೆ ಬರವಿಲ್ಲ. ಎಲೆಯ ಹಾರ, ಕಾಯಿಯ ಗೊಂಬೆ, ಕಾಗದದ ಗೂಬೆ. ಪಟ್ಟಿ ಹಿಡಿದು ಹೊರಟ ಹೆತ್ತವರು ಮೂರನೆಯ ದಿನಕ್ಕೆ ಅಂಟಿನ ಬಾಟಲಿಯ ಮುಚ್ಚಳ ಹುಡುಕುತ್ತ ಸುಸ್ತಾಗಿರುತ್ತಾರೆ. ಒಂದೇ ಕಥೆಯನ್ನು, ಒಂದು ಮಾತೂ ಬದಲಾಗದಂತೆ, ಮತ್ತೆ ಮತ್ತೆ ಹೇಳಿಸಿಕೊಳ್ಳುವ ವಯಸ್ಸಿನ ಮಗುವಿಗೆ ದಿನಕ್ಕೊಂದು ಹೊಸತು ಬೇಕಾಗಿಲ್ಲ. ಒಂದೇ ಕೆಲಸವನ್ನು ಆರಿಸಿಕೊಂಡು ಪ್ರತಿ ವರ್ಷ ಹಾಗೆಯೇ ಮಾಡಿದರೆ ಅದೇ ಮನೆಯ ವಾಡಿಕೆಯಾಗುತ್ತದೆ. ನಾನು ಹೇಳಹೊರಟಿರುವುದು ಎಲೆ ಪುಸ್ತಕದ ಬಗ್ಗೆ. ವರ್ಷಕ್ಕೆ ಎರಡೇ ಪುಟ.

ಮೊದಲು ದಿನ, ಆಮೇಲೆ ಮರ

ಹಗಲಿರುಳು ಸಮನಾಗುವ ದಿನವನ್ನು ಗುರುತಾಗಿ ಇಟ್ಟುಕೊಳ್ಳಿ. ಭೂಮಧ್ಯರೇಖೆಯ ಉತ್ತರಕ್ಕೆ ಇರುವವರಿಗೆ ಅದು ಸೆಪ್ಟೆಂಬರ್ 22 ಅಥವಾ 23, ದಕ್ಷಿಣದವರಿಗೆ ಮಾರ್ಚ್ 20 ಅಥವಾ 21. ಅಂದೇ ಎಲೆಗಳು ಬಣ್ಣ ತಿರುಗಿರಬೇಕೆಂದಿಲ್ಲ. ಅಂದು ಮರವನ್ನು ಗೊತ್ತು ಮಾಡಿಕೊಂಡು ಬಂದರೆ ಸಾಕು. ನಡೆದು ತಲುಪುವಷ್ಟು ಹತ್ತಿರದ, ಎಲೆ ಉದುರಿಸುವ ಯಾವುದಾದರೂ ಒಂದು ಮರ. ಆಯ್ಕೆಯನ್ನು ಮಗುವಿಗೇ ಬಿಡಿ. ಅದು ಸೊಟ್ಟ ಮರವನ್ನೇ ತೋರಿಸಿದರೂ ಒಪ್ಪಿಕೊಳ್ಳಿ.

ಎಲೆ ಉದುರತೊಡಗಿದ ಮೇಲೆ, ಮಳೆ ಬಿದ್ದು ಒಂದೆರಡು ದಿನ ಒಣಗಿದ ನಂತರ ಹೋಗಿ. ಮೊದಲ ವರ್ಷ ನಾನು ಒದ್ದೆ ಎಲೆಗಳನ್ನೇ ತಂದು ನಿಘಂಟಿನ ನಡುವೆ ಇಟ್ಟುಬಿಟ್ಟಿದ್ದೆ. ‘ಪ’ಕಾರದ ಪುಟಗಳಲ್ಲಿ ಇಂದಿಗೂ ಬೂಷ್ಟಿನ ಕಲೆ ಇದೆ.

ಬಿದ್ದ ಎಲೆಗಳನ್ನಷ್ಟೇ ಆಯಿಸಿ. ತುರಿಕೆ ಹುಟ್ಟಿಸುವ ಅಥವಾ ನಿಮಗೇ ಗುರುತಿಲ್ಲದ ಗಿಡಬಳ್ಳಿಗಳ ತಂಟೆ ಬೇಡ. ಮೂರು ವರ್ಷದೊಳಗಿನ ಮಗುವಾದರೆ ಕಾಯಿ, ಬೀಜಗಳ ಮೇಲೆ ಕಣ್ಣಿರಲಿ. ಅವು ಬಾಯಿಗೆ ಹೋಗುತ್ತವೆ, ಮೂಗಿಗೂ ಹೋಗುತ್ತವೆ. ಮನೆಗೆ ಬಂದವರೇ ಎಲ್ಲರೂ ಕೈ ತೊಳೆಯಿರಿ.

ಒಣಗಿಸುವುದು

ಎಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹಳೆಯ ದಿನಪತ್ರಿಕೆಯ ಮಡಿಕೆಯೊಳಗೆ ಹರಡಿ, ಮೇಲೆ ನಾಲ್ಕೈದು ದಪ್ಪ ಪುಸ್ತಕಗಳನ್ನು ಹೇರಿ. ಮೊದಲ ಎರಡು ಮೂರು ದಿನ ಪತ್ರಿಕೆಯನ್ನು ಬದಲಿಸಬೇಕು, ಇಲ್ಲದಿದ್ದರೆ ತೇವ ಅಲ್ಲೇ ಉಳಿಯುತ್ತದೆ. ವಾರದಿಂದ ಹತ್ತು ದಿನಗಳಲ್ಲಿ ಎಲೆ ಕಾಗದದಂತಾಗುತ್ತದೆ. ಮಗು ದಿನಕ್ಕೆ ನಾಲ್ಕು ಬಾರಿ ಪುಸ್ತಕ ಎತ್ತಿ ನೋಡುತ್ತದೆ. ನೋಡಲಿ, ಒಂದೆರಡು ಎಲೆ ಹೆಚ್ಚಿಗೆ ತಂದಿರಿ ಅಷ್ಟೇ.

ಕಾಯುವ ದಿನಗಳಲ್ಲಿ ಬಣ್ಣದ ಗುಟ್ಟು

ನನಗೆ ಅತಿ ಪ್ರಿಯವಾದ ಭಾಗ ಇದು. ಎಲೆ ಯಾಕೆ ಹಳದಿಯಾಯಿತು ಎಂದು ಮಗು ಕೇಳಿದರೆ, ಆಗಲಿಲ್ಲ, ಮೊದಲೇ ಆಗಿತ್ತು ಎನ್ನಿ. ಎಲೆಯಲ್ಲಿ ಹಳದಿ ಬಣ್ಣ ಬೇಸಿಗೆಯುದ್ದಕ್ಕೂ ಇರುತ್ತದೆ. ಪತ್ರಹರಿತ್ತಿನ ಹಸಿರು ಅದನ್ನು ಮುಚ್ಚಿರುತ್ತದೆ. ಪತ್ರಹರಿತ್ತು ಬಿಸಿಲಿನಲ್ಲಿ ಸವೆಯುತ್ತ, ಮತ್ತೆ ತಯಾರಾಗುತ್ತ ಇರುವ ವಸ್ತು. ಹಗಲು ಕಿರಿದಾಗಿ ರಾತ್ರಿ ತಣ್ಣಗಾದಾಗ ಮರ ಅದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ಮುಸುಕು ಸರಿಯುತ್ತದೆ. ಕೆಂಪಿನ ಕಥೆ ಬೇರೆ: ಅದನ್ನು ಹಲವು ಮರಗಳು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಋತುವಿನಲ್ಲೇ ಹೊಸದಾಗಿ ಮಾಡಿಕೊಳ್ಳುತ್ತವೆ. ಕೊನೆಗೆ ತೊಟ್ಟಿನ ಬುಡದಲ್ಲಿ ತೆಳುವಾದೊಂದು ಪದರ ಬೆಳೆದು ಎಲೆಯನ್ನು ಕೊಂಬೆಯಿಂದ ಬಿಡಿಸುತ್ತದೆ. ಗಾಳಿ ನೆಪ ಮಾತ್ರ.

ಇದನ್ನು ಕಣ್ಣಾರೆ ತೋರಿಸಬಹುದು. ಇನ್ನೂ ಹಸಿರಾಗಿರುವ ಎಲೆಯನ್ನು ಮಗು ಚೂರುಚೂರು ಹರಿಯಲಿ. ಚೂರುಗಳನ್ನು ಲೋಟದಲ್ಲಿ ಹಾಕಿ, ಮುಳುಗುವಷ್ಟು ಸ್ಪಿರಿಟ್ ಸುರಿದು, ಚಮಚದ ಹಿಂಬದಿಯಿಂದ ಅರೆಯಿರಿ. ಇದು ದೊಡ್ಡವರ ಕೆಲಸ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ. ಲೋಟವನ್ನು ಬಿಸಿ ನೀರಿನ ಬಟ್ಟಲಲ್ಲಿ ಅರ್ಧ ಗಂಟೆ ಕೂರಿಸಿ. ನಂತರ ಕಾಫಿ ಸೋಸುವ ಕಾಗದದ ಪಟ್ಟಿಯೊಂದರ ತುದಿ ಹಸಿರು ದ್ರವಕ್ಕೆ ತಾಗುವಂತೆ ಇಳಿಬಿಡಿ. ದ್ರವ ಮೇಲೇರುತ್ತ ಹೋದಂತೆ ಹಸಿರು ಒಂದು ಕಡೆ, ಅದರಾಚೆ ತೆಳುವಾದ ಹಳದಿ ಗೆರೆ ಕಾಣಿಸುತ್ತದೆ. ಗೆರೆ ಮಸುಕಾಗಿಯೇ ಇರುತ್ತದೆ, ಭಾರೀ ಚಮತ್ಕಾರ ನಿರೀಕ್ಷಿಸಬೇಡಿ. ಆ ಪಟ್ಟಿಯನ್ನೂ ಒಣಗಿಸಿಡಿ, ಪುಸ್ತಕಕ್ಕೆ ಬೇಕು.

ಪೈನ್ ಮರದ ಒಣಕಾಯಿ ಸಿಕ್ಕಿದ್ದರೆ ನೀರಿನಲ್ಲಿ ಮುಳುಗಿಸಿಡಿ. ಸ್ವಲ್ಪ ಹೊತ್ತಿನಲ್ಲೇ ಅದರ ಎಸಳಿನಂಥ ಪದರಗಳು ಮುಚ್ಚಿಕೊಳ್ಳುತ್ತವೆ, ಒಣಗಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ.

ಪುಟ ಮಾಡುವ ಸಂಜೆ

ಗೆರೆ ಇಲ್ಲದ, ದಪ್ಪ ಹಾಳೆಯ ಪುಸ್ತಕ ತನ್ನಿ. ಎಡಪುಟದಲ್ಲಿ ಒಣಗಿದ ಎಲೆಯನ್ನು ಅಂಟಿಸಿ. ತೆಳುವಾಗಿ ಅಂಟು ಹಚ್ಚುವುದು ನೀವು, ಎಲ್ಲಿ ಇಡಬೇಕೆಂದು ನಿರ್ಧರಿಸುವುದು ಮಗು. ಎಲೆ ಓರೆಯಾಗಿ ಕೂತಿತೆಂದು ಮಗು ಮಲಗಿದ ಮೇಲೆ ಕಿತ್ತು ನೇರ ಮಾಡುವ ಹೆತ್ತವರನ್ನು ನಾನು ಬಲ್ಲೆ. ದಯವಿಟ್ಟು ಬೇಡ.

ಎಷ್ಟೇ ಜೋಪಾನ ಮಾಡಿದರೂ ಎಲೆಯ ಬಣ್ಣ ಕಂದುತ್ತದೆ. ಆಕಾರವಾದರೂ ಉಳಿಯಲೆಂದು ಅಚ್ಚು ತೆಗೆಯಬೇಕು. ಅದೇ ಮರದ ಇನ್ನೊಂದು ಎಲೆಯನ್ನು ನರಗಳು ಮೇಲೆ ಬರುವಂತೆ ಮಗುಚಿ, ಮೇಲೆ ತೆಳು ಕಾಗದ ಹಾಸಿ, ಸಿಪ್ಪೆ ಸುಲಿದ ಮೇಣದ ಬಳಪವನ್ನು ಅಡ್ಡವಾಗಿ ಹಿಡಿದು ಉಜ್ಜಿಸಿ. ಎಲೆ ಜಾರದಂತೆ ಮೂಲೆಯನ್ನು ನೀವು ಒತ್ತಿ ಹಿಡಿದಿರಿ. ಬಿಳಿ ಕಾಗದದೊಳಗಿಂದ ನರಗಳು ಒಂದೊಂದಾಗಿ ಮೂಡುವಾಗ ಮಗು ಉಸಿರು ಬಿಗಿಹಿಡಿಯುತ್ತದೆ. ಅಚ್ಚನ್ನೂ ಆ ಬಣ್ಣದ ಪಟ್ಟಿಯನ್ನೂ ಎಲೆಯ ಕೆಳಗೆ ಅಂಟಿಸಿ.

ಬಲಪುಟದಲ್ಲಿ ಮಗುವಿನ ಅಂಗೈಯನ್ನು ಊರಿಸಿ, ಬೆರಳುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಕಚಗುಳಿಯಾಗಿ ಕೈ ಅಲುಗಿದರೆ ಆರನೆಯ ಬೆರಳೂ ಬಂದೀತು, ಅಳಿಸಬೇಡಿ. ಕೆಳಗೆ ದಿನಾಂಕ, ಮರದ ಹೆಸರು (ಗೊತ್ತಿಲ್ಲದಿದ್ದರೆ ಮಗು ಇಟ್ಟ ಹೆಸರು), ಅಂದು ಮಗು ಆಡಿದ ಒಂದು ಮಾತು, ಆಡಿದ ಹಾಗೆಯೇ. ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು. ಅದರೊಳಗೆ ಮಗು ಎದ್ದು ಓಡಿದರೆ ಉಳಿದದ್ದು ನಾಳೆಗೆ.

ಮರುವರ್ಷ

ಪುಸ್ತಕವನ್ನು ಬಿಸಿಲು, ತೇವ ತಾಗದ ಕಡೆ ಇಟ್ಟು ವರ್ಷವಿಡೀ ಮರೆತುಬಿಡಿ. ಮರುವರ್ಷ ಹೊಸ ಪುಟಕ್ಕೆ ಮುನ್ನ ಹಳೆಯ ಪುಟಗಳನ್ನು ಒಟ್ಟಿಗೆ ಕೂತು ಓದಿ, ಹಳೆಯ ಗೆರೆಯ ಮೇಲೆ ಮಗು ಈಗಿನ ಕೈ ಇಟ್ಟು ನೋಡಲಿ. ‘ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು’ ಎಂಬ ಗಾದೆ ನಮಗೆ ಗೊತ್ತು. ಅಜ್ಜಿಯೋ ತಾತನೋ ಮನೆಯಲ್ಲಿದ್ದರೆ ಅವರ ಅಂಗೈಯನ್ನೂ ಅದೇ ಪುಟದಲ್ಲಿ ಬರೆಯಿಸಿ, ಗೆರೆ ಎಳೆಯುವ ಕೆಲಸ ಮಗುವಿನದಾಗಲಿ.

ಒಂದು ವರ್ಷ ತಪ್ಪಿಹೋದರೆ ಹಳೆಯ ದಿನಾಂಕ ಹಾಕಿ ತುಂಬಿಸಲು ಹೋಗಬೇಡಿ. ಆ ಪುಟವನ್ನು ಖಾಲಿ ಬಿಟ್ಟು, ‘ಈ ಸಲ ಮನೆಮಂದಿಗೆಲ್ಲ ಜ್ವರ’ ಎಂದು ಕಾರಣವನ್ನಷ್ಟೇ ಬರೆದಿಡಿ.